ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರ ಶಿಕ್ಷಣ ಪ್ರಯೋಗ

೧. ಪ್ರವೇಶ

ಶಾಲೆಯೆಂದರೆ ಅಕ್ಷರ, ಅಂಕಿ, ಪರೀಕ್ಷೆ ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮಗು ತನ್ನ ಭಯವನ್ನು ಗೆಲ್ಲುವುದು, ಕೋಪವನ್ನು ಹತೋಟಿಗೆ ತಂದುಕೊಳ್ಳುವುದು, ಜೊತೆಗಾರನ ನೋವನ್ನು ಗುರುತಿಸುವುದು, ನಾಲ್ವರೊಡನೆ ಕೂಡಿ ಕೆಲಸ ಮಾಡುವುದು ಇವೂ ಕಲಿಕೆಯೇ ಎಂದು ಒಪ್ಪಿಕೊಳ್ಳಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಇವೆಲ್ಲ ಮನೆಯ ಸಂಸ್ಕಾರಕ್ಕೆ ಸೇರಿದವು, ಶಾಲೆಯ ಹೊಣೆಯಲ್ಲ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಇತ್ತೀಚಿನ ಶಿಕ್ಷಣಶಾಸ್ತ್ರ ಈ ಅಂಶಗಳನ್ನು ಒಟ್ಟುಗೂಡಿಸಿ 'ಸಾಮಾಜಿಕ-ಭಾವನಾತ್ಮಕ ಕಲಿಕೆ' ಎಂದು ಹೆಸರಿಸಿದೆ. ಅಮೆರಿಕದಲ್ಲಿ ೧೯೯೪ರಲ್ಲಿ ಈ ಉದ್ದೇಶಕ್ಕಾಗಿಯೇ ಒಂದು ಸಂಘಟನೆ ಹುಟ್ಟಿತು. ಮರುವರ್ಷ ಪ್ರಕಟವಾದ ಡೇನಿಯಲ್ ಗೋಲ್‌ಮನ್ ಅವರ ಗ್ರಂಥದಿಂದ 'ಭಾವನಾತ್ಮಕ ಬುದ್ಧಿಮತ್ತೆ' ಎಂಬ ಮಾತು ಜನಬಳಕೆಗೆ ಬಂದಿತು. ತನ್ನನ್ನು ತಾನು ಅರಿಯುವುದು, ತನ್ನನ್ನು ತಾನು ನಿಯಂತ್ರಿಸಿಕೊಳ್ಳುವುದು, ಇತರರನ್ನು ಅರಿಯುವುದು, ಸಂಬಂಧಗಳನ್ನು ಕಟ್ಟಿಕೊಳ್ಳುವುದು, ಹೊಣೆಯರಿತು ತೀರ್ಮಾನಿಸುವುದು ಎಂಬ ಐದು ಸಾಮರ್ಥ್ಯಗಳನ್ನು ಈ ಶಾಸ್ತ್ರ ಮುಖ್ಯವೆಂದು ಪರಿಗಣಿಸುತ್ತದೆ.

ಹೆಸರು ಹೊಸದು, ಕಾರ್ಯ ಹೊಸದಲ್ಲ. ಮುಂಬಯಿಯಿಂದ ಉತ್ತರಕ್ಕೆ, ಡಹಾಣೂ ತಾಲೂಕಿನ ಕಡಲತೀರದ ಬೋರ್ಡಿಯಲ್ಲಿಯೂ ಅದರ ಸಮೀಪದ ಕೋಸಬಾಡ ಗುಡ್ಡದ ಮೇಲೂ ತಾರಾಬಾಯಿ ಮೋಡಕ್ (೧೮೯೨-೧೯೭೩) ಮತ್ತು ಅನುತಾಯಿ ವಾಘ್ (೧೯೧೦-೧೯೯೨) ನಡೆಸಿದ ಪ್ರಯೋಗ ಇದಕ್ಕೆ ನಿದರ್ಶನ. ಭಾವನೆಗಳ ಶಿಕ್ಷಣವು ವೇಳಾಪಟ್ಟಿಯ ಒಂದು ಪಾಠವಲ್ಲ, ಶಾಲೆಯನ್ನು ಸ್ಥಾಪಿಸುವವರೂ ನಡೆಸುವವರೂ ಕೈಗೊಳ್ಳುವ ತೀರ್ಮಾನಗಳಲ್ಲಿಯೇ ಅದು ಅಡಗಿರುತ್ತದೆ ಎಂಬ ಮಾತನ್ನು ಈ ಪ್ರಯೋಗದ ಆಧಾರದ ಮೇಲೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹಿನ್ನೆಲೆ: ಭಾವನಗರದ ಬಾಲಮಂದಿರ

ಬೋರ್ಡಿಯ ಕಾರ್ಯದ ಬೇರು ಸೌರಾಷ್ಟ್ರದ ಭಾವನಗರದಲ್ಲಿದೆ. ನಾನಾಭಾಯಿ ಭಟ್ಟರು ೧೯೧೦ರಲ್ಲಿ ಅಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ವಕೀಲಿ ವೃತ್ತಿಯಲ್ಲಿದ್ದ ಗಿಜುಭಾಯಿ ಬಧೇಕಾ (೧೮೮೫-೧೯೩೯) ೧೯೧೬ರಲ್ಲಿ ಆ ಸಂಸ್ಥೆಯನ್ನು ಸೇರಿದರು. ತಮ್ಮ ಮಗನನ್ನು ಎಂಥ ಶಾಲೆಗೆ ಕಳಿಸಬೇಕು ಎಂಬ ತಂದೆಯ ಚಿಂತೆಯೇ ಅವರನ್ನು ಮಾಂಟೆಸೊರಿಯವರ ವಿಚಾರಗಳತ್ತ ಒಯ್ದಿತು. ಮರಿಯಾ ಮಾಂಟೆಸೊರಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತಮ್ಮ 'ಮಕ್ಕಳ ಮನೆ'ಯನ್ನು ತೆರೆದದ್ದು ೧೯೦೭ರಲ್ಲಿ. ಗಿಜುಭಾಯಿಯವರ ಬಾಲಮಂದಿರ ಭಾವನಗರದಲ್ಲಿ ಆರಂಭವಾದದ್ದು ೧೯೨೦ರಲ್ಲಿ.

ಬಾಲಮಂದಿರದ ಮೊದಲ ಲಕ್ಷಣ ಭಯದ ನಿವಾರಣೆ. ಬೆತ್ತವನ್ನು ಕೈಬಿಡುವುದಷ್ಟೇ ಗಿಜುಭಾಯಿಯವರಿಗೆ ಸಾಕೆನಿಸಲಿಲ್ಲ; ಬಹುಮಾನವನ್ನೂ ಅವರು ಸಂಶಯದಿಂದಲೇ ಕಂಡರು. ಶಿಕ್ಷೆ ಮಗುವನ್ನು ಹೆದರಿಸಿ ದುಡಿಸಿದರೆ, ಬಹುಮಾನ ಆಸೆ ತೋರಿಸಿ ದುಡಿಸುತ್ತದೆ. ಎರಡರಲ್ಲೂ ಕಲಿಕೆಯ ಆನಂದ ಹಿಂದೆ ಸರಿದು ದೊಡ್ಡವರ ಮುಖಭಾವ ಮುಂದೆ ಬಂದು ನಿಲ್ಲುತ್ತದೆ. ಮಕ್ಕಳ ಬಗೆಗಿನ ಈ ಮಮತೆಯ ಕಾರಣದಿಂದಲೇ ಅವರಿಗೆ 'ಮೀಸೆಯುಳ್ಳ ತಾಯಿ' ಎಂಬ ಪ್ರೀತಿಯ ಹೆಸರು ಬಂದಿತು.

ಅವರ 'ದಿವಾಸ್ವಪ್ನ' ಎಂಬ ಕಥನರೂಪದ ಕೃತಿಯಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ಉಲ್ಲೇಖಾರ್ಹ. ಸಾಮಾನ್ಯ ಶಾಲೆಯೊಂದರ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಪ್ರಯೋಗಕ್ಕಾಗಿ ಪಡೆದ ಅಧ್ಯಾಪಕನು ಮೊದಲ ದಿನ ಮಕ್ಕಳಿಗೆ ಮೌನದ ಆಟವನ್ನು ಆಡಿಸಲು ಹೊರಡುತ್ತಾನೆ. ಕಿಟಕಿ ಬಾಗಿಲು ಮುಚ್ಚಿದೊಡನೆ ಮಕ್ಕಳು ಮೌನವಾಗುವ ಬದಲು ಗದ್ದಲವೆಬ್ಬಿಸುತ್ತಾರೆ; ಪ್ರಯೋಗ ಅಲ್ಲಿಗೇ ಮುರಿದುಬೀಳುತ್ತದೆ. ಮರುದಿನ ಅವನು ಕಥೆ ಹೇಳತೊಡಗುತ್ತಾನೆ. ತರಗತಿ ತಾನಾಗಿಯೇ ಅವನ ಸುತ್ತ ಸೇರುತ್ತದೆ. ಹಾಜರಿ ಕರೆಯುವ ಕೆಲಸವೂ ಕಥೆಯ ನಡುವೆ ನಡೆದುಹೋಗುತ್ತದೆ. ಪುಸ್ತಕದಲ್ಲಿ ಓದಿದ ವಿಧಾನವನ್ನು ತಂದು ಹೇರಿದಾಗ ಸೋತ ಅಧ್ಯಾಪಕ, ಮಕ್ಕಳೊಡನೆ ಸಂಬಂಧ ಬೆಳೆದಾಗ ಗೆಲ್ಲುತ್ತಾನೆ. ಯಾವ ವಿಧಾನಕ್ಕೂ ಮೊದಲು ಸಂಬಂಧ ಬೇಕೆಂಬುದು ಈ ಕೃತಿಯ ತಿರುಳು.

೩. ಮುಂಬಯಿಯಿಂದ ಬೋರ್ಡಿಗೆ

ತಾರಾಬಾಯಿ ಹುಟ್ಟಿದ್ದು ಮುಂಬಯಿಯಲ್ಲಿ, ಪ್ರಾರ್ಥನಾ ಸಮಾಜದ ಸುಧಾರಣಾ ವಿಚಾರಗಳಿಗೆ ಒಲಿದ ಕುಟುಂಬದಲ್ಲಿ. ೧೯೧೪ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ರಾಜಕೋಟೆಯ ಮಹಿಳಾ ಶಿಕ್ಷಕ ತರಬೇತಿ ಸಂಸ್ಥೆಯ ಪ್ರಾಚಾರ್ಯ ಹುದ್ದೆ, ಆ ಕಾಲದ ಸ್ತ್ರೀಗೆ ದುರ್ಲಭವಾದ ಗೌರವ, ಅವರಿಗೆ ದೊರೆತಿತ್ತು. ಅದನ್ನು ಬಿಟ್ಟು ೧೯೨೩ರಲ್ಲಿ ಭಾವನಗರಕ್ಕೆ ಬಂದು ಗಿಜುಭಾಯಿಯವರ ಸಹೋದ್ಯೋಗಿಯಾದರು. ೧೯೨೬ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮುಂದೆ ಮುಂಬಯಿಗೆ ಮರಳಿದ ತಾರಾಬಾಯಿ ೧೯೩೬ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು.

ದಾದರಿನ ಶಿಶುವಿಹಾರ ಮಧ್ಯಮವರ್ಗದ ಮಕ್ಕಳ ಶಾಲೆ. ಅದನ್ನು ಕಟ್ಟಿ ನಿಲ್ಲಿಸಿದ ಮೇಲೆ ತಾರಾಬಾಯಿಯವರಿಗೆ ಬೇರೊಂದು ಪ್ರಶ್ನೆ ಎದುರಾಯಿತು. ಮಾಂಟೆಸೊರಿ ಪದ್ಧತಿಯ ಉಪಕರಣಗಳು ಬೆಲೆಬಾಳುವಂಥವು. ಹಣವುಳ್ಳವರ ಮಕ್ಕಳಿಗೆ ಮಾತ್ರ ಅವು ದೊರೆಯುತ್ತಿದ್ದವು. ಬಡವರಿಗಾಗಿ ಹುಟ್ಟಿದ ಪದ್ಧತಿ ಭಾರತಕ್ಕೆ ಬಂದು ಸ್ಥಿತಿವಂತರ ಪದ್ಧತಿಯಾಗಿತ್ತು. ಹಳ್ಳಿಯ ಬಡಮಗುವಿಗೆ ಸ್ವಾತಂತ್ರ್ಯ, ಆದರ, ಆತ್ಮವಿಶ್ವಾಸ ಬೇಡವೇ? ಈ ಪ್ರಶ್ನೆಗೆ ಉತ್ತರವಾಗಿ ೧೯೪೫ರ ಕೊನೆಯಲ್ಲಿ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು. ಆಗ ತಾರಾಬಾಯಿಯವರಿಗೆ ಐವತ್ಮೂರು ವರ್ಷ. ನಗರದಲ್ಲಿ ಹೆಸರು ಪಡೆದವರೊಬ್ಬರು ಆ ವಯಸ್ಸಿನಲ್ಲಿ ಹಳ್ಳಿಗೆ ಹೋಗಿ ಮೊದಲಿನಿಂದ ಆರಂಭಿಸಿದರೆಂಬುದು ಗಮನಾರ್ಹ.

ಇಲ್ಲಿ ಅವರ ಸಂಗಾತಿಯಾಗಿ ಬಂದವರು ಅನುತಾಯಿ ವಾಘ್. ಬಾಲ್ಯದಲ್ಲಿಯೇ ವಿವಾಹವಾಗಿ ಬಾಲ್ಯದಲ್ಲಿಯೇ ವಿಧವೆಯಾದ ಅನುತಾಯಿ ಶಿಕ್ಷಕಿಯಾಗಿ ಬದುಕು ಕಟ್ಟಿಕೊಂಡವರು. ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ಹಗಲು ಪಾಠ ಹೇಳುತ್ತ, ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು, ಬಿ.ಎ. ಪದವಿ ಪಡೆದದ್ದು ಐವತ್ತರ ಆಸುಪಾಸಿನಲ್ಲಿ. ಅವಮಾನವೆಂದರೇನು, ಅವಕಾಶವೆಂದರೇನು ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

೪. ಅಂಗಳದ ಬಾಲವಾಡಿ

ಬೋರ್ಡಿಯಲ್ಲಿ ಬಾಲವಾಡಿ ತೆರೆದಾಗ ದಲಿತರ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಇಂಥ ಸಂದರ್ಭದಲ್ಲಿ ಶಾಲೆಗಳು ಸಾಮಾನ್ಯವಾಗಿ ನೀಡುವ ವಿವರಣೆ ಒಂದೇ: ತಂದೆತಾಯಿಗಳಿಗೆ ವಿದ್ಯೆಯ ಬೆಲೆ ತಿಳಿಯದು. ತಾರಾಬಾಯಿ ಮತ್ತು ಅನುತಾಯಿ ಪ್ರಶ್ನೆಯನ್ನೇ ತಿರುಗಿಸಿದರು. ಮಗು ಏಕೆ ಬರಲಿಲ್ಲ ಎಂಬುದರ ಬದಲು ಶಾಲೆ ಏಕೆ ಹೋಗಲಿಲ್ಲ ಎಂದು ಕೇಳಿಕೊಂಡರು. ಶಿಕ್ಷಕಿಯರು ಕೇರಿಗೆ ಹೋದರು; ಮನೆಗಳ ಮುಂದಿನ ಅಂಗಳವೇ ತರಗತಿಯಾಯಿತು. ಮಕ್ಕಳ ಸ್ನಾನ, ಶುಚಿ, ಹಾಡು, ಆಟ, ಕಥೆ ಎಲ್ಲವೂ ತಾಯಂದಿರ ಕಣ್ಣೆದುರಿನಲ್ಲಿಯೇ ನಡೆದವು. ೧೯೭೫ರಲ್ಲಿ ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಕೈಗೊಂಡಾಗ ದೇಶದ ಮನೆಮಾತಾದ ಅಂಗನವಾಡಿಯ ಪೂರ್ವರೂಪವನ್ನು ಈ ಅಂಗಳದ ಬಾಲವಾಡಿಯಲ್ಲಿ ಕಾಣಬಹುದು.

ಈ ತೀರ್ಮಾನದ ಭಾವನಾತ್ಮಕ ಮಹತ್ತ್ವವನ್ನು ಬಿಡಿಸಿ ನೋಡಬೇಕು. ಅಸ್ಪೃಶ್ಯತೆಯ ನೋವುಂಡ ಮನೆಯ ಮಗು ಊರೊಳಗಿನ ಕಟ್ಟಡಕ್ಕೆ ಹೋದರೆ, ಅದು ಮೊದಲು ಕಲಿಯುವುದು ತನ್ನ ಸ್ಥಾನ ಯಾವುದೆಂಬುದನ್ನು. ಎಲ್ಲಿ ಕೂರಬೇಕು, ಯಾರನ್ನು ಮುಟ್ಟಬಾರದು, ಯಾವಾಗ ಮಾತಾಡಬಾರದು ಎಂಬ ಈ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದಿದ್ದರೂ ಜೀವಮಾನವಿಡೀ ಉಳಿಯುವಂಥದು. ಶಿಕ್ಷಕಿ ತಾನೇ ಆ ಮಗುವಿನ ಅಂಗಳಕ್ಕೆ ಬಂದು, ಅದರ ತಲೆ ಬಾಚಿ, ಉಗುರು ಕತ್ತರಿಸಿದಾಗ ಆ ಹಳೆಯ ಪಾಠ ಅಳಿಸಿಹೋಗುತ್ತದೆ. ಸ್ಪರ್ಶವೇ ನಿಷಿದ್ಧವಾಗಿದ್ದ ಸಮಾಜದಲ್ಲಿ ಸ್ಪರ್ಶದಿಂದಲೇ ಶಿಕ್ಷಣ ಆರಂಭವಾಯಿತು.

ಉಪಕರಣಗಳ ಸಮಸ್ಯೆಗೂ ಪರಿಹಾರ ಅಂಗಳದಲ್ಲಿಯೇ ದೊರೆಯಿತು. ಕಡಲತೀರದ ಚಿಪ್ಪುಗಳು, ಬೆಣಚುಕಲ್ಲು, ಬೀಜ, ಎಲೆ, ಮಣ್ಣು ಇವೇ ಎಣಿಸುವ, ಜೋಡಿಸುವ, ವಿಂಗಡಿಸುವ ಸಾಧನಗಳಾದವು. ಇದರಿಂದ ಖರ್ಚು ಉಳಿಯಿತೆಂಬುದು ಒಂದು ಲಾಭ. ಅದಕ್ಕಿಂತ ಹಿರಿದಾದುದು, ಮಗುವಿಗೆ ಶಾಲೆಯಲ್ಲಿ ತನ್ನ ಪ್ರಪಂಚವೇ ಎದುರಾಯಿತೆಂಬುದು. ತನಗೆ ಗೊತ್ತಿರುವ ವಸ್ತು ಗುರುಗಳ ಕೈಯಲ್ಲಿ ಬೆಲೆಯುಳ್ಳದ್ದಾಗಿ ಕಂಡಾಗ ತಾನೂ ಬೆಲೆಯುಳ್ಳವನು ಎಂಬ ಭಾವ ಮಗುವಿನಲ್ಲಿ ಮೂಡುತ್ತದೆ.

೫. ಕೋಸಬಾಡದ ವಿಕಾಸವಾಡಿ

ಹತ್ತು ಹನ್ನೆರಡು ವರ್ಷಗಳ ಬಳಿಕ, ೧೯೫೭ರ ವೇಳೆಗೆ, ಕೇಂದ್ರವು ಬೋರ್ಡಿಯಿಂದ ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಅಂದು ಠಾಣೆ ಜಿಲ್ಲೆಗೆ ಸೇರಿದ್ದ ಈ ಪ್ರದೇಶ ೨೦೧೪ರಿಂದ ಪಾಲ್ಘರ್ ಜಿಲ್ಲೆಯಲ್ಲಿದೆ. ಇಲ್ಲಿನ ಬಹುಸಂಖ್ಯಾತರು ವಾರ್ಲಿ ಬುಡಕಟ್ಟಿನವರು. ಅವರ ಬದುಕಿನ ಹಿನ್ನೆಲೆಯನ್ನು ಅರಿಯದೆ ಕೋಸಬಾಡದ ಶಾಲೆಯನ್ನು ಅರಿಯುವುದು ಅಸಾಧ್ಯ. ಜಮೀನ್ದಾರರಿಗೆ ಬಿಟ್ಟಿ ದುಡಿಮೆ ಮಾಡುವುದು ಇಲ್ಲಿ ರೂಢಿಯಾಗಿತ್ತು. ಮದುವೆಗೆಂದು ಸಾಲ ಪಡೆದವನು ಹೆಂಡತಿಯೊಡನೆ ಧಣಿಯ ಮನೆಯಲ್ಲಿ ಜೀತಕ್ಕೆ ನಿಲ್ಲಬೇಕಾಗಿತ್ತು. ಇಂಥವರನ್ನು 'ಲಗ್ನಗಡಿ' ಎನ್ನುತ್ತಿದ್ದರು. ೧೯೪೫ರಲ್ಲಿ ಗೋದಾವರಿ ಪರುಳೇಕರ್ ಮುಂತಾದ ಕಿಸಾನ್ ಸಭೆಯ ನಾಯಕರ ಮುಂದಾಳತನದಲ್ಲಿ ವಾರ್ಲಿಗಳು ಇದರ ವಿರುದ್ಧ ಎದ್ದು ನಿಂತರು. ಆ ಹೋರಾಟವನ್ನು ಗೋದಾವರಿಯವರು ನಿರೂಪಿಸಿದ ಮರಾಠಿ ಕೃತಿಗೆ ೧೯೭೨ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆ ಕೃತಿಯ ಶೀರ್ಷಿಕೆಗೆ 'ಮನುಷ್ಯ ಎಚ್ಚರಗೊಂಡಾಗ' ಎಂದು ಅರ್ಥ.

ಬೋರ್ಡಿಯ ಶಿಕ್ಷಣಕೇಂದ್ರವೂ ವಾರ್ಲಿಗಳ ಬಂಡಾಯವೂ ಒಂದೇ ವರ್ಷದವು, ಒಂದೇ ಸೀಮೆಯವು. ಒಂದು ರಾಜಕೀಯ ಕಾರ್ಯ, ಇನ್ನೊಂದು ಶೈಕ್ಷಣಿಕ ಕಾರ್ಯ, ಮಾರ್ಗಗಳು ಬೇರೆ. ಆದರೂ ಎರಡೂ ಎದುರಿಸಿದ ಶತ್ರು ಒಂದೇ: ತಲೆಮಾರುಗಳಿಂದ ಮೈಗೂಡಿದ ಭಯ. ಧಣಿಯನ್ನು ಕಂಡು ಹೆದರುವ ತಂದೆಯ ಮಗು ಶಿಕ್ಷಕನನ್ನು ಕಂಡೂ ಹೆದರುತ್ತದೆ. ಆ ಭಯ ಹೋಗದೆ ಅಕ್ಷರ ಒಳಗಿಳಿಯದು.

ಕೋಸಬಾಡದಲ್ಲಿ ಶಾಲೆಗೆ ಅಡ್ಡಿಯಾದುದು ಭಯವೊಂದೇ ಅಲ್ಲ. ತಾಯಿ ಕೂಲಿಗೆ ಹೋದರೆ ಎಳೆಯ ಕೂಸನ್ನು ಕಂಕುಳಲ್ಲಿ ಹೊತ್ತು ನೋಡಿಕೊಳ್ಳುವವಳು ಏಳೆಂಟು ವರ್ಷದ ಅಕ್ಕ. ಅವಳನ್ನು ಶಾಲೆಗೆ ಕರೆದರೆ ಕೂಸನ್ನು ನೋಡುವವರಿಲ್ಲ. ಆದುದರಿಂದ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಸೇರಿಸಿ 'ವಿಕಾಸವಾಡಿ'ಯನ್ನು ರೂಪಿಸಲಾಯಿತು. ಕೂಸು ಶಿಶುಗೃಹದಲ್ಲಿ, ನಡುವಿನ ಮಗು ಬಾಲವಾಡಿಯಲ್ಲಿ, ಅಕ್ಕ ತರಗತಿಯಲ್ಲಿ. ಅಕ್ಕನ ಹೊಣೆಗಾರಿಕೆಯನ್ನು ಇಲ್ಲಿ ಕಲಿಕೆಗೆ ಅಡ್ಡಿಯೆಂದು ತಳ್ಳಿಹಾಕಲಿಲ್ಲ; ಅವಳ ಅಕ್ಕರೆಗೆ ಶಾಲೆಯೊಳಗೇ ಜಾಗ ಮಾಡಿಕೊಡಲಾಯಿತು. ಪರಾನುಭೂತಿ ಎಂಬುದನ್ನು ಇಂದು ಪಾಠ ಮಾಡಿ ಕಲಿಸಲು ಯತ್ನಿಸುತ್ತೇವೆ. ಆ ಹುಡುಗಿಯಲ್ಲಿ ಅದು ಮೊದಲೇ ಇತ್ತು. ಶಾಲೆ ಅದನ್ನು ಗೌರವಿಸಬೇಕಾಗಿತ್ತು, ಅಷ್ಟೆ.

ದನ ಮೇಯಿಸುವ ಹುಡುಗರದು ಇನ್ನೊಂದು ಸಮಸ್ಯೆ. ದನಗಳನ್ನು ಬಿಟ್ಟು ಅವರು ಬರಲಾರರು. ಅವರಿಗಾಗಿ 'ಕುರಣಶಾಲೆ' ಎಂದರೆ ಹುಲ್ಲುಗಾವಲಿನ ಶಾಲೆ ಹುಟ್ಟಿತು. ಶಿಕ್ಷಕರೇ ಹುಲ್ಲುಗಾವಲಿಗೆ ಹೋಗಿ, ದನ ಮೇಯುತ್ತಿರುವಾಗಲೇ ಮರದ ನೆರಳಿನಲ್ಲಿ ಪಾಠ ಹೇಳುವ ಏರ್ಪಾಡು ಇದು. ಕೇರಿಯ ಅಂಗಳ, ಗುಡ್ಡದ ವಿಕಾಸವಾಡಿ, ಹುಲ್ಲುಗಾವಲಿನ ಪಾಠ ಈ ಮೂರರಲ್ಲಿಯೂ ಮಗುವಿನ ಬದುಕು ಮೊದಲು, ಶಾಲೆಯ ರೂಪ ಅನಂತರ ಎಂಬ ತತ್ತ್ವ ಒಂದೇ ಆಗಿದೆ.

೬. ಶಾಲೆಯ ನಾಯಕತ್ವ

ಮೇಲಿನ ವಿವರಗಳಿಂದ ಶಾಲೆಯನ್ನು ಸ್ಥಾಪಿಸುವವರ ಮತ್ತು ನಡೆಸುವವರ ಬಗ್ಗೆ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು, ಅಧಿಕಾರದ ತ್ಯಾಗ. ಹೆದರಿಸುವ ಹಕ್ಕನ್ನು ಮುಖ್ಯಸ್ಥರು ತಾವು ಬಿಡದೆ ಶಿಕ್ಷಕರು ಬಿಡಲಾರರು. ಶಿಕ್ಷಕಿಯನ್ನು ಎಲ್ಲರೆದುರು ಗದರಿಸುವ ಶಾಲೆಯಲ್ಲಿ ಅವಳು ಮಗುವನ್ನು ಗದರಿಸದಿರುವುದು ಹೇಗೆ? ಮಕ್ಕಳ ಮನಸ್ಸಿನ ಆರೋಗ್ಯ ಶಿಕ್ಷಕರ ಮನಸ್ಸಿನ ಆರೋಗ್ಯವನ್ನು ಅವಲಂಬಿಸಿದೆ. ಬೋರ್ಡಿಯಲ್ಲಿ ಬಾಲವಾಡಿಯ ಜೊತೆಜೊತೆಗೇ ಬಾಲಶಿಕ್ಷಕಿಯರ ತರಬೇತಿಯೂ ನಡೆದುದರ ಅರ್ಥ ಇದೇ.

ಎರಡನೆಯದು, ತಪ್ಪಿನ ಹೊಣೆಯನ್ನು ಸಂಸ್ಥೆ ಹೊರುವುದು. ಮಗು ಬಾರದಿದ್ದರೆ, ಕಲಿಯದಿದ್ದರೆ, ಗಲಾಟೆ ಮಾಡಿದರೆ ದೋಷವನ್ನು ಮೊದಲು ಶಾಲೆಯ ವ್ಯವಸ್ಥೆಯಲ್ಲಿ ಹುಡುಕುವ ಅಭ್ಯಾಸ ಇಲ್ಲಿ ಕಾಣುತ್ತದೆ. ಅಂಗಳದ ಬಾಲವಾಡಿ, ಶಿಶುಗೃಹ, ಕುರಣಶಾಲೆ ಇವೆಲ್ಲ ಹೀಗೆ ಹುಡುಕಿದಾಗ ದೊರೆತ ಉತ್ತರಗಳು.

ಮೂರನೆಯದು, ಉತ್ತರಾಧಿಕಾರ. ತಾರಾಬಾಯಿ ೧೯೭೩ರಲ್ಲಿ ತೀರಿಕೊಂಡಾಗ ಅನುತಾಯಿ ಇಪ್ಪತ್ತೇಳು ವರ್ಷಗಳಿಗೂ ಮಿಕ್ಕಿ ಅವರೊಡನೆ ದುಡಿದಿದ್ದರು. ಅಲ್ಲಿಂದ ಮುಂದೆ, ೧೯೯೨ರಲ್ಲಿ ತಾವು ತೀರಿಕೊಳ್ಳುವವರೆಗೂ, ಕಾರ್ಯವನ್ನು ಮುಂದುವರಿಸಿದರು. ಈ ಸಂದರ್ಭದಲ್ಲಿ ಕನ್ನಡ ನಾಡಿನ ಒಂದು ಪ್ರಯೋಗವನ್ನು ನೆನೆಯಬಹುದು. ಡೇವಿಡ್ ಹಾರ್ಸ್‌ಬರೊ ೧೯೭೨ರಲ್ಲಿ ಕೋಲಾರ ಜಿಲ್ಲೆಯಲ್ಲಿ ಸ್ಥಾಪಿಸಿದ ನೀಲ್‌ಬಾಗ್ ಶಾಲೆಯಲ್ಲಿಯೂ ಶಿಕ್ಷೆಯಿರಲಿಲ್ಲ, ಸ್ಪರ್ಧೆಯಿರಲಿಲ್ಲ. ಬೇರೆ ಬೇರೆ ವಯಸ್ಸಿನ ಹಳ್ಳಿಯ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. ಮರಗೆಲಸ, ಸಂಗೀತಗಳಿಗೂ ಓದಿನಷ್ಟೇ ಸ್ಥಾನವಿತ್ತು. ೧೯೮೪ರಲ್ಲಿ ಹಾರ್ಸ್‌ಬರೊ ನಿಧನರಾದ ಮೇಲೆ ಆ ಶಾಲೆ ಹಿಂದಿನ ರೂಪದಲ್ಲಿ ಉಳಿಯಲಿಲ್ಲ. ಆದರೆ ಅಲ್ಲಿ ತರಬೇತಿ ಪಡೆದವರು ಬೇರೆಡೆ ಹೊಸ ಶಾಲೆಗಳನ್ನು ಕಟ್ಟಿದರು. ಕಟ್ಟಡಕ್ಕಿಂತ ತಯಾರಾದ ವ್ಯಕ್ತಿಗಳೇ ಇಂಥ ಶಾಲೆಯ ನಿಜವಾದ ಆಸ್ತಿ ಎಂಬುದಕ್ಕೆ ಎರಡೂ ಪ್ರಯೋಗಗಳು ಸಾಕ್ಷಿ.

೭. ಆಕ್ಷೇಪಗಳು ಮತ್ತು ಮಿತಿಗಳು

ಇಂಥ ಶಿಕ್ಷಣದ ಬಗ್ಗೆ ಎತ್ತಬಹುದಾದ ಆಕ್ಷೇಪಗಳನ್ನು ಕಡೆಗಣಿಸುವಂತಿಲ್ಲ. ಬಡಮಗುವಿಗೆ ಬೇಕಾದುದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೌಕರಿ ಪಡೆಯುವ ಶಕ್ತಿ. ಹಾಡು, ಆಟ, ಆದರಗಳು ಹೊಟ್ಟೆ ತುಂಬಿದವರ ವಿಲಾಸವಲ್ಲವೇ ಎಂಬುದು ಒಂದು ಆಕ್ಷೇಪ. ಆದರೆ ಅವಮಾನಕ್ಕೊಳಗಾದ ಮಗು ಶಾಲೆಯನ್ನೇ ಬಿಟ್ಟುಹೋಗುತ್ತದೆ. ಬಿಟ್ಟುಹೋದ ಮಗುವಿಗೆ ಪರೀಕ್ಷೆಯೂ ಇಲ್ಲ, ನೌಕರಿಯೂ ಇಲ್ಲ. ಆದರವು ಕಲಿಕೆಗೆ ಬದಲಿಯಲ್ಲ, ಅದರ ಹೊಸ್ತಿಲು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಭೂಮಿ, ಕೂಲಿ, ಹಸಿವು ಇವುಗಳ ಅನ್ಯಾಯವನ್ನು ಶಾಲೆಯೊಂದು ಪ್ರೀತಿಯಿಂದ ಸರಿಪಡಿಸಲಾರದು. ಇದು ಸತ್ಯ. ಅನ್ಯಾಯವನ್ನು ಸಹಿಸಿಕೊಂಡು ಶಾಂತವಾಗಿರುವುದನ್ನು ಮಗುವಿಗೆ ಕಲಿಸುವುದೇ ಭಾವನೆಗಳ ಶಿಕ್ಷಣವೆಂದಾದರೆ ಅದು ಶಿಕ್ಷಣವೇ ಅಲ್ಲ. ಕೋಪವನ್ನು ಅಡಗಿಸುವುದು ಬೇರೆ, ಅದರ ಕಾರಣವನ್ನು ಅರಿತು ಮಾತಿನಲ್ಲಿ ಹೇಳಬಲ್ಲವನಾಗುವುದು ಬೇರೆ.

ಮೂರನೆಯದು, ವಿಸ್ತರಣೆಯ ಸಮಸ್ಯೆ. ಬೋರ್ಡಿಯ ಅಂಗಳದ ಕಲ್ಪನೆಗೆ ಹೋಲುವ ವ್ಯವಸ್ಥೆ ಇಂದು ದೇಶದ ಹಳ್ಳಿಹಳ್ಳಿಯಲ್ಲಿದೆ. ಆದರೆ ಅಂಗನವಾಡಿಯ ಕಾರ್ಯಕರ್ತೆಯ ಮೇಲೆ ಆಹಾರ, ಆರೋಗ್ಯ, ದಾಖಲೆಗಳ ಭಾರ ಬಿದ್ದಿದೆ. ಮಗುವಿನೊಡನೆ ಕುಳಿತು ಕಥೆ ಹೇಳುವ ಬಿಡುವು ಕಡಿಮೆಯಾಗಿದೆ. ಹೆಸರು ಹರಡಿದಷ್ಟು ಸುಲಭವಾಗಿ ಸಂಬಂಧ ಹರಡುವುದಿಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ೨೦೧೮ರಲ್ಲಿ ದೆಹಲಿ ಸರಕಾರ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ 'ಆನಂದದ ಪಠ್ಯಕ್ರಮ'ಕ್ಕೆಂದು ಪ್ರತ್ಯೇಕ ಅವಧಿಯನ್ನು ಆರಂಭಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಮಾಜಿಕ, ಭಾವನಾತ್ಮಕ ಸಾಮರ್ಥ್ಯಗಳ ಮಾತನ್ನಾಡಿದೆ. ಇವು ಸ್ವಾಗತಾರ್ಹ. ಆದರೆ ಒಂದು ಅವಧಿಯಲ್ಲಿ ಆನಂದದ ಪಾಠ ನಡೆದು ಮುಂದಿನ ಅವಧಿಯಲ್ಲಿ ಮಗು ಎಲ್ಲರೆದುರು ಹಂಗಿಸಲ್ಪಟ್ಟರೆ, ಮಗು ನೆನಪಿಡುವುದು ಎರಡನೆಯದನ್ನು.

೮. ಹೊರನಾಡ ಕನ್ನಡಿಗರಿಗೆ ಇದರ ಪ್ರಸ್ತುತತೆ

ಮುಂಬಯಿಯ ಕನ್ನಡಿಗರಿಗೆ ಈ ಚರ್ಚೆ ದೂರದ್ದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೮ರಲ್ಲಿ ಆರಂಭಿಸಿದ ರಾತ್ರಿಶಾಲೆಯೂ ಅನಂತರದ ಇತರ ಕನ್ನಡ ರಾತ್ರಿಶಾಲೆಗಳೂ ದುಡಿಯುವ ಹುಡುಗನಿದ್ದಲ್ಲಿಗೆ ಶಾಲೆಯನ್ನು ಒಯ್ದ ಪ್ರಯತ್ನಗಳೇ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ದಣಿದ ಹುಡುಗರಿಗೆ ಅವು ಅಕ್ಷರದ ಜೊತೆಗೆ ಊರಿನ ಭಾಷೆಯನ್ನೂ, ಹೆಸರು ಹಿಡಿದು ಕರೆಯುವ ಗುರುಗಳನ್ನೂ, ಸಮಾನದುಃಖಿಗಳಾದ ಗೆಳೆಯರನ್ನೂ ಕೊಟ್ಟವು. ವೇಳೆಯನ್ನು ವಿದ್ಯಾರ್ಥಿಯ ದುಡಿಮೆಗೆ ಹೊಂದಿಸಿದ ಈ ಶಾಲೆಗಳೂ, ಸ್ಥಳವನ್ನು ಮಗುವಿನ ಬದುಕಿಗೆ ಹೊಂದಿಸಿದ ಕುರಣಶಾಲೆಯೂ ಒಂದೇ ಬಗೆಯ ವಿವೇಕದಿಂದ ಹುಟ್ಟಿದವು. ಅನುತಾಯಿಯವರೂ ರಾತ್ರಿಶಾಲೆಯ ವಿದ್ಯಾರ್ಥಿನಿಯೇ ಆಗಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇಂದು ಹೊರನಾಡಿನ ಕನ್ನಡ ಮಗುವಿಗೆ ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಬೀದಿಯಲ್ಲಿ ಮರಾಠಿ, ಹಿಂದಿಗಳು, ಶಾಲೆಯಲ್ಲಿ ಇಂಗ್ಲಿಷು. ಅಳುವ ಭಾಷೆ ಒಂದು, ಉತ್ತರ ಬರೆಯುವ ಭಾಷೆ ಇನ್ನೊಂದು. ಕನ್ನಡ ಮಾಧ್ಯಮದ ಶಾಲೆಗಳು ಕ್ಷೀಣಿಸುತ್ತಿರುವಾಗ ನಮ್ಮ ಸಂಘಸಂಸ್ಥೆಗಳು ನಡೆಸುವ ಶಾಲೆಗಳೂ ವಾರಾಂತ್ಯದ ಕನ್ನಡ ತರಗತಿಗಳೂ ವರ್ಣಮಾಲೆ ಕಲಿಸುವುದಕ್ಕಷ್ಟೇ ಸೀಮಿತವಾದರೆ ಸಾಲದು. ಅಲ್ಲಿಗೆ ಬಂದ ಮಗು ತನ್ನ ಮನೆಮಾತಿನಲ್ಲಿ ತನ್ನ ಸಂತೋಷವನ್ನೂ ಸಂಕಟವನ್ನೂ ನಿರ್ಭಯವಾಗಿ ಹೇಳಬಲ್ಲುದೇ? ತಪ್ಪು ಕನ್ನಡ ಆಡಿದರೆ ನಗುವವರಿಲ್ಲವೆಂಬ ಭರವಸೆ ಅದಕ್ಕಿದೆಯೇ? ಬಾರದೆ ಉಳಿದ ಮಕ್ಕಳ ಬಳಿಗೆ ನಾವು ಹೋಗಿದ್ದೇವೆಯೇ? ಹೊಸ ಶಾಲೆ ಕಟ್ಟುವವರೂ ಹಳೆಯ ಶಾಲೆ ಉಳಿಸಿಕೊಳ್ಳುವವರೂ ಕಟ್ಟಡದ ನಕ್ಷೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು.

ಒಟ್ಟಿನಲ್ಲಿ, ತಾರಾಬಾಯಿ ಮತ್ತು ಅನುತಾಯಿಯವರ ಕಾರ್ಯ ತಿಳಿಸಿಕೊಡುವ ಸಂಗತಿ ಸರಳವಾದುದು. ಮಗು ಭಾವನೆಗಳನ್ನು ಪಾಠದಿಂದ ಕಲಿಯುವುದಿಲ್ಲ. ಶಾಲೆ ತನ್ನನ್ನು, ತನ್ನ ಮನೆಯವರನ್ನು, ತನ್ನ ಗುರುಗಳನ್ನು ನಡೆಸಿಕೊಳ್ಳುವ ರೀತಿಯಿಂದ ಕಲಿಯುತ್ತದೆ. ಆ ರೀತಿಯನ್ನು ನಿರ್ಧರಿಸುವವರು ಶಾಲೆಯ ಸ್ಥಾಪಕರೂ ಮುಖ್ಯಸ್ಥರೂ ಆದುದರಿಂದ, ಈ ವಿಷಯದಲ್ಲಿ ಮೊದಲ ವಿದ್ಯಾರ್ಥಿಗಳು ಅವರೇ ಆಗಬೇಕಾಗುತ್ತದೆ.